ಮೂರನೆಯ ಭಾಗ

ಕೈಲಾಸನ ತೊಂದರೆ ಶುರುವಾದದ್ದು ಬೆಳಿಗ್ಗೆ ಹಲ್ಲುಜ್ಜುವಾಗ ಬಂದ ಒಂದು ಮೆಸೇಜಿನಿಂದ. ಕಳಿಸಿದವರು ಆಸ್ಪತ್ರೆಯ ಎಚ್‌ಆರ್ ಮ್ಯಾನೇಜರ್ ಶರ್ವಾಣಿ. ಗುರುವಾರಕ್ಕಿದ್ದ ಇಂಗ್ಲಿಷ್ ಮಾತಿನ ಪರೀಕ್ಷೆ ಇವತ್ತು ಮಧ್ಯಾಹ್ನವೇ ನಡೆಯುತ್ತದೆ, ಅದರಲ್ಲಿ ಮೂರು ಭಾಗಗಳಿರುತ್ತವೆ, ಪರೀಕ್ಷಕರು ವಿಡಿಯೊ ಕಾಲಿನಲ್ಲಿ ಮಾತಾಡಿಸುತ್ತಾರೆ ಎಂದು ಅದರಲ್ಲಿತ್ತು. ಕೈಲಾಸ ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ನುಂಗಿಬಿಟ್ಟ.

ಅವನು ತಿಳಿದುಕೊಂಡದ್ದೇ ಬೇರೆ. ಮಾತಿನ ಪರೀಕ್ಷೆ ಎಂದರೆ ಎದ್ದು ನಿಂತು ಒಂದು ಭಾಷಣ ಮಾಡುವುದು ಎಂದುಕೊಂಡು, ‘ನಮ್ಮ ಆಸ್ಪತ್ರೆ’ ಎಂಬ ಒಂದು ಪುಟದ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ. ಸ್ನಾನದ ಮನೆಯಲ್ಲಿ, ಸ್ಕೂಟರಿನ ಮೇಲೆ, ಮಲಗಿದಾಗ ಅದನ್ನೇ ಒದರಿ ಒದರಿ, ಎರಡನೇ ಕ್ಲಾಸಿನ ಮಗಳು ಸಿರಿಗೂ ಅದು ಪೂರ್ತಿ ಬರುತ್ತಿತ್ತು. ಆ ಪ್ರಬಂಧದಲ್ಲಿ ಭಾಗಗಳಿರಲಿಲ್ಲ. ಪ್ರಶ್ನೆಗಳಂತೂ ಇರಲೇ ಇಲ್ಲ.

ಅರೆಕೆರೆಯ ಕಡೆ ಇರುವ ದೊಡ್ಡ ಆಸ್ಪತ್ರೆಯೊಂದರ ಟೋಕನ್ ಕೌಂಟರಿನಲ್ಲಿ ಅವನು ಕೆಲಸಕ್ಕಿದ್ದ. ಡಾಕ್ಟರನ್ನು ನೋಡಲು ಬಂದವರು ಮೊದಲು ಅವನನ್ನು ಬೈದು, ಆಮೇಲೆ ಒಳಗೆ ಹೋಗುತ್ತಿದ್ದರು. ಅದು ಅವನಿಗೆ ರೂಢಿಯಾಗಿತ್ತು. ಆದರೆ ಟೋಕನ್ ಕೊಡಲು ಯಂತ್ರ ಬರುತ್ತದೆ, ಆಮೇಲೆ ಕೌಂಟರಿನಲ್ಲಿ ಒಬ್ಬರೇ ಸಾಕು ಎಂಬ ಸುದ್ದಿ ಹಬ್ಬಿತ್ತು. ಇರುವವರು ಇಬ್ಬರು: ಅವನು, ಪಕ್ಕದಲ್ಲಿ ಕೂರುವ ಪ್ರಸನ್ನ. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಹೊರದೇಶದ ರೋಗಿಗಳಿಗೆಂದು ಹೊಸ ಡೆಸ್ಕ್ ಸಿದ್ಧವಾಗಿತ್ತು. ನೆಲಕ್ಕೆ ಕಾರ್ಪೆಟ್ಟು, ಮೂಲೆಯಲ್ಲಿ ಕಾಫಿ ಯಂತ್ರ, ಬೆನ್ನಿಗೆ ತಕ್ಕಂತೆ ಬಾಗುವ ಕುರ್ಚಿ. ಆ ಕುರ್ಚಿಯಲ್ಲಿ ಕೂರಬೇಕಾದರೆ ಇಂಗ್ಲಿಷಿನ ಪರೀಕ್ಷೆ ಪಾಸಾಗಬೇಕು. ಇಬ್ಬರೂ ಹೆಸರು ಕೊಟ್ಟಿದ್ದರು.

ಮೆಸೇಜು ಓದಿದ ಹೆಂಡತಿ ಜ್ಯೋತ್ಸ್ನಾ ಫೋನನ್ನು ಅವನ ಕೈಯಿಂದ ಕಿತ್ತುಕೊಂಡು ಮೇಲಿನ ಮಹಡಿಗೆ ಓಡಿದಳು. ಜರಗನಹಳ್ಳಿಯ ಆ ಮನೆಯ ಮೇಲಿನ ಭಾಗದಲ್ಲಿ ಚೂಡಾಮಣಿ ಮೇಡಂ ಇದ್ದರು. ಜಯನಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನೀರಿನ ಮೋಟಾರ್ ಹಾಕಲು ಬಂದಿದ್ದ ಮನೆಯ ಮಾಲೀಕ ಚನ್ನಬಸವಯ್ಯನವರೂ ಏನೋ ಅನಾಹುತವಾಯಿತೆಂದು ಅವಳ ಹಿಂದೆಯೇ ಮೆಟ್ಟಿಲು ಹತ್ತಿದರು. ಕೈಲಾಸ ಮುಖ ತೊಳೆದು ಮೇಲೆ ಹೋಗುವ ಹೊತ್ತಿಗೆ ಅವನ ಭವಿಷ್ಯದ ಬಗ್ಗೆ ಮೂವರೂ ಒಂದು ತೀರ್ಮಾನಕ್ಕೆ ಬಂದಾಗಿತ್ತು.

ಮೇಡಂ ಅವನನ್ನು ಕೂರಿಸಿ ಪರೀಕ್ಷೆ ಹೇಗಿರುತ್ತದೆಂದು ವಿವರಿಸಿದರು. ಮೊದಲ ಭಾಗದಲ್ಲಿ ಹೆಸರು, ಊರು, ಮನೆ, ಕೆಲಸದ ಬಗ್ಗೆ ಸಣ್ಣಪುಟ್ಟ ಪ್ರಶ್ನೆ. ಎರಡನೆಯ ಭಾಗದಲ್ಲಿ ಒಂದು ಕಾರ್ಡು ತೋರಿಸುತ್ತಾರೆ, ಅದರಲ್ಲಿ ಒಂದು ವಿಷಯ ಇರುತ್ತದೆ. ಯೋಚಿಸಲು ಒಂದು ನಿಮಿಷ, ಒಬ್ಬನೇ ಮಾತಾಡಲು ಎರಡು ನಿಮಿಷ. ಮೂರನೆಯ ಭಾಗದಲ್ಲಿ ಅದೇ ವಿಷಯವನ್ನು ಹಿಡಿದು ಪರೀಕ್ಷಕರು ಚರ್ಚೆ ಮಾಡುತ್ತಾರೆ. ಅಲ್ಲಿ ಪ್ರಶ್ನೆಗಳು ಆಳಕ್ಕೆ ಹೋಗುತ್ತವೆ. ಅಲ್ಲಿಯೇ ಜನ ಮುಳುಗುವುದು.

“ಇನ್ನೊಂದು ವಿಷಯ ನೋಡಪ್ಪ” ಎಂದರು ಮೇಡಂ. “ಅವ್ರು ನಗಲ್ಲ. ತಲೆ ಆಡಿಸಲ್ಲ. ಸರಿ ಅನ್ನಲ್ಲ, ತಪ್ಪು ಅನ್ನಲ್ಲ. ನೀನು ಚೆನ್ನಾಗಿ ಮಾತಾಡಿದ್ರೂ ಅದೇ ಮುಖ, ಕೆಟ್ಟದಾಗಿ ಮಾತಾಡಿದ್ರೂ ಅದೇ ಮುಖ. ಆ ಮುಖಕ್ಕೆ ಹೆದರಿ ಅರ್ಧ ಜನ ಫೇಲಾಗ್ತಾರೆ. ಅವ್ರು ಸಾಕು ಅನ್ನೋವರೆಗೂ ನಿಲ್ಲಿಸ್ಬೇಡ. ನೀನು ವಾಪಸ್ ಪ್ರಶ್ನೆ ಕೇಳ್ಬೇಡ. ನೊಣ ಓಡಿಸೋ ಥರ ಕೈ ಆಡಿಸ್ಬೇಡ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು.”

ಇಷ್ಟು ಹೇಳಿ ಅವರು ಕಿಟಕಿಯ ಪರದೆ ಎಳೆದು, ಎದುರಿನ ಕುರ್ಚಿಯಲ್ಲಿ ಕುಳಿತು, ಪರೀಕ್ಷಕರ ಮುಖ ಮಾಡಿದರು. ಅದನ್ನು ನೋಡಿದ ಜ್ಯೋತ್ಸ್ನಾ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟು ಹೊತ್ತು ಮಾತಾಡುತ್ತಿದ್ದ ಮುಖದಿಂದ ಯಾರೋ ಎಲ್ಲವನ್ನೂ ಒರೆಸಿ ತೆಗೆದಂತಿತ್ತು. ಕೈಲಾಸ ತನ್ನ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳತೊಡಗಿದ. ಎರಡು ಕೋಣೆ, ಒಂದು ಅಡುಗೆಮನೆ, ನೀರು ಬೆಳಿಗ್ಗೆ ಮಾತ್ರ. ಮೇಡಂ ರೆಪ್ಪೆ ಬಡಿಯಲಿಲ್ಲ. ಅವನು ಅಡುಗೆಮನೆಯ ಬಣ್ಣ ಹೇಳಿದ. ಮೇಡಂ ಉಸಿರಾಡುತ್ತಿರುವಂತೆಯೂ ಕಾಣಲಿಲ್ಲ. ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾದಂತೆ ಅವನಿಗೆ ಅನಿಸಿತು.

“ಮೇಡಂ” ಎಂದ.  “ಮೇಡಂ, ಹುಷಾರಾಗಿದೀರಾ?”

ಚನ್ನಬಸವಯ್ಯನವರು ಮೆಲ್ಲಗೆ ಹತ್ತಿರ ಬಂದು ಅವರ ಮೂಗಿನ ಕೆಳಗೆ ಬೆರಳು ಹಿಡಿದರು.

“ಫೇಲ್” ಎಂದರು ಮೇಡಂ, ತುಟಿ ಮಾತ್ರ ಅಲುಗಿಸಿ. ಚನ್ನಬಸವಯ್ಯನವರು ಬೆರಳು ಸುಟ್ಟವರಂತೆ ಹಿಂದಕ್ಕೆ ಹಾರಿದರು. “ಸಾಕು ಅಂತ ನಾನು ಹೇಳಿರ್ಲಿಲ್ಲ. ಪರೀಕ್ಷಕರು ಸತ್ತೇ ಹೋದ್ರೂ ನೀನು ಮಾತಾಡ್ತಾ ಇರ್ಬೇಕು.”

ಸಾವರಿಸಿಕೊಂಡ ಚನ್ನಬಸವಯ್ಯನವರು ತಮ್ಮದೂ ಒಂದು ಬುದ್ಧಿಮಾತಿರಲಿ ಎಂದು, ಏನೇ ಆದರೂ ಕುರ್ಚಿ ಬಿಟ್ಟು ಏಳಬಾರದೆಂದು ಹೇಳಿದರು. ಅವರ ಷಡ್ಡಕನ ಮಗ ಯಾವುದೋ ಪರೀಕ್ಷೆಯಲ್ಲಿ ಫ್ಯಾನ್ ಹಾಕಲು ಎದ್ದಿದ್ದಕ್ಕೆ ಅವನನ್ನು ಹೊರಗೆ ಹಾಕಿದ್ದರಂತೆ. ಹಾಗೆಂದು ಕೈಲಾಸನ ಹಣೆಗೆ ವಿಭೂತಿ ಹಚ್ಚಿ ಕಳಿಸಿದರು.

ದಾರಿಯಲ್ಲಿ ಅವನು ಹೆಲ್ಮೆಟ್ಟಿನೊಳಗೆ ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿಕೊಳ್ಳುತ್ತ ಸ್ಕೂಟರ್ ಓಡಿಸಿದ. ಪುಟ್ಟೇನಹಳ್ಳಿಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ “ವಾಟ್ ಈಸ್ ಯುವರ್ ಫುಲ್ ನೇಮ್?” ಎಂದು ಸ್ವಲ್ಪ ಜೋರಾಗಿಯೇ ಕೇಳಿದನೆಂದು ಕಾಣುತ್ತದೆ. ಪಕ್ಕದ ಆಟೋದವನು “ಯಲ್ಲಯ್ಯ. ಯಾಕೆ ಸಾರ್?” ಎಂದ. ಕೈಲಾಸ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ. ಯಲ್ಲಯ್ಯ ಸಿಗ್ನಲ್ ಬಿಡುವವರೆಗೂ ಅವನನ್ನೇ ಅನುಮಾನದಿಂದ ನೋಡುತ್ತಿದ್ದ.

ಆಸ್ಪತ್ರೆಯ ಸೆಮಿನಾರ್ ಹಾಲಿನಲ್ಲಿ ಪರೀಕ್ಷೆ ನಡೆಯಬೇಕಿತ್ತು. ಆದರೆ ಅದರ ಮೇಲಿನ ಮಹಡಿಯಲ್ಲಿ ಗೋಡೆ ಕೊರೆಯುತ್ತಿದ್ದರು. ಆ ಸದ್ದಿನಲ್ಲಿ ಕನ್ನಡವೇ ಕೇಳಿಸುತ್ತಿರಲಿಲ್ಲ. ಶರ್ವಾಣಿ ಚುರುಕಿನ ಹೆಂಗಸು. ಸದ್ದಿಲ್ಲದ ಜಾಗ ಯಾವುದೆಂದು ಹುಡುಕಿ, ಬೇಸ್‌ಮೆಂಟಿನ ಹಳೆಯ ರೆಕಾರ್ಡ್ ರೂಮಿಗೆ ಕಂಪ್ಯೂಟರ್ ಇಳಿಸಿದ್ದರು. ಅದಕ್ಕಿಂತ ನಿಶ್ಶಬ್ದವಾದ ಜಾಗ ಇಡೀ ಆಸ್ಪತ್ರೆಯಲ್ಲಿರಲಿಲ್ಲ. ಯಾಕೆಂದರೆ ಅದರ ಎದುರಿಗೆ ಇದ್ದದ್ದು ಹೆಣ ಇಡುವ ಕೋಲ್ಡ್ ರೂಮು.

ಮೊದಲು ಪ್ರಸನ್ನ ಹೋದ. ಹತ್ತೇ ನಿಮಿಷದಲ್ಲಿ ತೋಳು ಉಜ್ಜಿಕೊಳ್ಳುತ್ತ ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು.

“ಮೂರನೇ ಪಾರ್ಟ್ ನನ್ ಕೈಲಿ ಆಗ್ಲಿಲ್ಲ ಮಗಾ. ಮಧ್ಯದಲ್ಲೇ ಸಾರಿ ಸರ್ ಅಂತ ಎದ್ಬಿಟ್ಟೆ” ಎಂದ. “ಒಳಗೆ ಕೂತ್ರೆ ಹಿಂದೆ ಯಾರೋ ನಿಂತಿರೋ ಥರ ಅನ್ಸುತ್ತೆ. ಆ ಕುರ್ಚಿ ನಿಂದೇ ಗುರು. ಹೋಗು.”

ಎದುರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೋಲ್ಡ್ ರೂಮಿನ ಅಟೆಂಡರ್ ನಿಂಗರಾಜ ಕುಳಿತಿದ್ದ. ಬಹಳ ವರ್ಷ ಸತ್ತವರ ಜೊತೆ ಕೆಲಸ ಮಾಡಿ ಅವನಿಗೆ ಯಾವುದಕ್ಕೂ ಆಶ್ಚರ್ಯವಾಗುತ್ತಿರಲಿಲ್ಲ. ಅವನು ಎದ್ದು ಕೈಲಾಸನಿಗೆ ಬಾಗಿಲು ತೆಗೆದುಕೊಟ್ಟು, ಒಳಗೆ ಥಂಡಿ ಜಾಸ್ತಿ, ಬೆಚ್ಚಗಿನದೇನಾದರೂ ಹಾಕಿಕೊಳ್ಳಬೇಕಿತ್ತು ಎಂದ.

ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಖಾಲಿ ಕಬ್ಬಿಣದ ರ‍್ಯಾಕುಗಳು. ಹೆಡ್‌ಫೋನ್ ಹಾಕಿಕೊಂಡ ತಕ್ಷಣ ಹೊರಗಿನ ಲೋಕ ನಿಂತುಹೋಯಿತು. ಪರದೆಯ ಮೇಲೆ ಪರೀಕ್ಷಕರು ಬಂದರು. ಉದ್ದ ಮುಖ, ನರೆತ ಕೂದಲು, ದಪ್ಪ ಕನ್ನಡಕ. ಮೊದಲ ಭಾಗ ಮೇಡಂ ಹೇಳಿದಂತೆಯೇ ನಡೆಯಿತು. ಹೆಸರು ಹೇಳಿದ. ಜರಗನಹಳ್ಳಿ ಎಂದ. ಅಡುಗೆಮನೆಯ ಬಣ್ಣವನ್ನು ಕೇಳದಿದ್ದರೂ ಹೇಳಿದ. ಪರೀಕ್ಷಕರು ನಗಲಿಲ್ಲ, ತಲೆ ಆಡಿಸಲಿಲ್ಲ. ಕೈಲಾಸನಿಗೆ ಧೈರ್ಯ ಬಂತು.

ಎರಡನೆಯ ಭಾಗದ ಕಾರ್ಡಿನಲ್ಲಿ, ನಿಮಗೆ ಗೊತ್ತಿರುವ ಒಬ್ಬ ವಯಸ್ಸಾದ ವ್ಯಕ್ತಿಯ ಬಗ್ಗೆ ಮಾತಾಡಿ ಎಂದಿತ್ತು. ಅವನು ಚನ್ನಬಸವಯ್ಯನವರನ್ನು ಆರಿಸಿಕೊಂಡ. ಒಂದು ನಿಮಿಷ ಮುಗಿಯಿತು. ಶುರು ಮಾಡಿ ಎಂದರು ಪರೀಕ್ಷಕರು. ನಮ್ಮ ಮಾಲೀಕರು ಬೆಳಿಗ್ಗೆ ಬೇಗ ಏಳುತ್ತಾರೆ, ಮೋಟಾರ್ ಹಾಕುತ್ತಾರೆ, ಟ್ಯಾಂಕ್ ತುಂಬಿ ಹರಿದರೆ ನಮ್ಮನ್ನು ಬೈಯುತ್ತಾರೆ, ಆದರೆ ಅವರ ಮನಸ್ಸು ಒಳ್ಳೆಯದು, ಎಂದು ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತ ಹೋದ.

ಹೇಳುತ್ತ ಹೇಳುತ್ತ ಅವನಿಗೆ ಒಂದು ವಿಷಯ ಗಮನಕ್ಕೆ ಬಂತು. ಪರೀಕ್ಷಕರ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಎಡಗಣ್ಣು ಅರ್ಧ ಮುಚ್ಚಿತ್ತು. ಅದು ಹಾಗೆಯೇ ಇತ್ತು. ಅವನು ಮಾಲೀಕರ ಸಕ್ಕರೆ ಕಾಯಿಲೆಯ ವಿಷಯ ಹೇಳಿ ಮುಗಿಸಿದ. ಬಾಯಿ ಹಾಗೆಯೇ ತೆರೆದಿತ್ತು. ಎರಡು ನಿಮಿಷ ಆಗಲೇ ಕಳೆದಿರಬೇಕು ಅನಿಸಿದರೂ ಸಾಕು ಎಂಬ ಮಾತು ಬರಲಿಲ್ಲ. ಇದೇ ಆ ಮುಖ ಎಂದು ಕೈಲಾಸ ಹಲ್ಲು ಕಚ್ಚಿ ಗಟ್ಟಿಯಾದ. ಅರ್ಧ ಜನರನ್ನು ಫೇಲು ಮಾಡುವ ಮುಖ.

ಮಾಲೀಕರ ಬಗ್ಗೆ ಹೇಳುವುದು ಖಾಲಿಯಾಯಿತು. ಅವರ ಹೆಂಡತಿಯ ಬಗ್ಗೆ ಹೇಳಿದ. ಅವರ ತೆಂಗಿನ ಮರದ ಬಗ್ಗೆ ಹೇಳಿದ. ಕೊನೆಗೆ ಬೇರೆ ದಾರಿ ಕಾಣದೆ, ಒಮ್ಮೆ ಅವರನ್ನು ನಮ್ಮ ಆಸ್ಪತ್ರೆಗೆ ಕರೆತಂದಿದ್ದೆವು ಎಂದು ಹೇಳಿ, ಅಲ್ಲಿಂದ ‘ನಮ್ಮ ಆಸ್ಪತ್ರೆ’ ಪ್ರಬಂಧಕ್ಕೆ ಜಿಗಿದು ಅದನ್ನು ಉಸಿರು ಬಿಡದೆ ಒಪ್ಪಿಸಿದ. ಪ್ರಬಂಧದ ಮಧ್ಯದಲ್ಲಿ ದೀಪ ಆರಿತು.

ಅದು ಯಾರಾದರೂ ಅಲುಗಾಡಿದರೆ ಮಾತ್ರ ಉರಿಯುವ ದೀಪ. ಕೈ ಬೀಸಿದ್ದರೆ ಮತ್ತೆ ಹತ್ತುತ್ತಿತ್ತು. ಆದರೆ ಕೈ ಆಡಿಸಬಾರದು ಎಂದು ಒಬ್ಬರು ಹೇಳಿದ್ದರು, ಏಳಬಾರದು ಎಂದು ಇನ್ನೊಬ್ಬರು ಹೇಳಿದ್ದರು. ಕತ್ತಲೆಯಲ್ಲಿ ಪರದೆಯ ನೀಲಿ ಬೆಳಕು ಮಾತ್ರ ಉಳಿಯಿತು. ಅದರ ನಡುವೆ ತೇಲುತ್ತಿದ್ದ ಆ ಉದ್ದ ಮುಖ ಅರ್ಧ ಕಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಕೈಲಾಸನ ಬೆನ್ನಿನ ಮೇಲೆ ಬೆವರು ಇಳಿದು ಅಲ್ಲಿಯೇ ತಣ್ಣಗಾಯಿತು. ಅವನು ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನಾಗುತ್ತದೋ ಎಂಬ ಹೆದರಿಕೆ ಈಗ ಪರೀಕ್ಷೆಯದಾಗಿರಲಿಲ್ಲ.

ಪ್ರಬಂಧವೂ ಮುಗಿಯಿತು. ಇನ್ನು ಒಂದು ಪದವೂ ಉಳಿದಿರಲಿಲ್ಲ. ಆಗ ಬಲಗಿವಿಯಲ್ಲಿ ಒಂದು ದನಿ ಕೇಳಿತು.

“ಧನ್ಯವಾದ. ಈಗ ವಯಸ್ಸಾದವರ ಬಗ್ಗೆಯೇ ಇನ್ನೂ ಸ್ವಲ್ಪ ಮಾತಾಡೋಣ.”

ಕೈಲಾಸನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಮೂರನೆಯ ಭಾಗ. ದನಿ ಮೊದಲಿನದಕ್ಕಿಂತ ವಯಸ್ಸಾದಂತೆ ಕೇಳಿತು. ಇಂಗ್ಲಿಷಿನ ಒಂದೊಂದು ಪದವನ್ನೂ ಬಟ್ಟೆಯಲ್ಲಿ ಒರೆಸಿ ಇಡುತ್ತಿರುವಂತೆ ಸ್ವಚ್ಛವಾಗಿತ್ತು. ಪರದೆಯ ಮೇಲೆ ತುಟಿ ಅಲುಗುತ್ತಿರಲಿಲ್ಲ. ವಿಡಿಯೊ ಹಿಂದೆ ಬಿದ್ದಿರಬೇಕೆಂದು ಅವನು ಅಂದುಕೊಂಡ.

ವಯಸ್ಸಾದವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದೇನು ಎಂದು ದನಿ ಕೇಳಿತು. ಮಾತಾಡುವುದಕ್ಕೆ ಯಾರಾದರೂ ಬೇಕು ಎಂದ ಕೈಲಾಸ. ಆಸ್ಪತ್ರೆಗೆ ಬಂದ ಮೇಲೆ ಏನು ಬೇಕು ಎಂದಿತು. ಮೊದಲು ಟೋಕನ್ ಬೇಕು ಎಂದ. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯವಾದ್ದರಿಂದ ಇಂಗ್ಲಿಷ್ ಸರಾಗವಾಗಿ ಬಂತು.

“ಆಮೇಲೆ?”

ಆಮೇಲೆ ಡಾಕ್ಟರು, ಬೆಡ್ಡು, ಔಷಧಿ, ಗುಣವಾದ ಮೇಲೆ ಡಿಸ್ಚಾರ್ಜು ಎಂದ.

“ಡಿಸ್ಚಾರ್ಜ್ ಆಗದಿದ್ದರೆ?”

ಇನ್ಶೂರೆನ್ಸಿನವರು ತಡಮಾಡುವುದು ಇದ್ದದ್ದೇ ಎಂದು ಕೈಲಾಸ ವಿವರಿಸಿದ. ಅಂಥವರು ಇಟ್ಟ ಜಾಗದಲ್ಲಿಯೇ ಕಾಯಬೇಕು, ಮನೆಯವರು ಬಂದು ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ.

“ಮನೆಯವರು ಬರದಿದ್ದರೆ?”

“ಬರುತ್ತಾರೆ ಸರ್. ಟ್ರಾಫಿಕ್ ಇರುತ್ತದೆ. ಸ್ವಲ್ಪ ತಡವಾಗಬಹುದು.”

 ಹೆಡ್‌ಫೋನಿನಲ್ಲಿ ಫ್ರಿಜ್ಜಿನ ಮೋಟಾರಿನಂಥ ಸದ್ದು ಮಾತ್ರ ಇತ್ತು.

“ಬಹಳ ತಡವಾಗಿದೆ” ಎಂದಿತು ದನಿ.

ಪರೀಕ್ಷಕರು ತಮ್ಮ ವಿಷಯ ಹೇಳಿಕೊಳ್ಳುವುದಿಲ್ಲ ಎಂದು ಮೇಡಂ ಹೇಳಿದ್ದರೋ ಇಲ್ಲವೋ ಕೈಲಾಸನಿಗೆ ನೆನಪಾಗಲಿಲ್ಲ. ಆದರೂ ಆ ಮಾತು ಕೇಳಿ ಅವನಿಗೆ ಯಾಕೋ ಸಂಕಟವಾಯಿತು. ಟೋಕನ್ ಕೌಂಟರಿನಲ್ಲಿ ಅಳುವವರಿಗೆ ಹೇಳುವಂತೆ, ಚಿಂತೆ ಮಾಡಬೇಡಿ ಸರ್, ನಿಮ್ಮ ಸರದಿ ಬಂದೇ ಬರುತ್ತದೆ ಎಂದ. ದನಿ ಅದಕ್ಕೆ ಧನ್ಯವಾದ ಹೇಳಿತು. ಮತ್ತೆ ಪ್ರಶ್ನೆಗಳು ಶುರುವಾದವು. ಕತ್ತಲೆಯಲ್ಲಿ ಸಮಯ ಹೇಗೆ ಕಳೆಯುತ್ತದೆಂದು ನಿಮಗೆ ಗೊತ್ತೇ? ಜನ ಹೆಸರು ಮರೆಯುವುದು ಯಾವಾಗ? ಮೇಡಂ ಹೇಳಿದ ಆಳ ಇದೇ ಇರಬೇಕೆಂದುಕೊಂಡು ಕೈಲಾಸ ತನಗೆ ತೋಚಿದ್ದನ್ನು ಹೇಳುತ್ತ ಹೋದ. ಒಂದೆರಡು ಕಡೆ ‘ದೆ ಹ್ಯಾಸ್’ ಎಂದಾಗ ದನಿ ಮೃದುವಾಗಿ ‘ದೆ ಹ್ಯಾವ್’ ಎಂದು ತಿದ್ದಿತು.

ಬಾಗಿಲು ಧಡಾರನೆ ತೆರೆದು ದೀಪ ಹತ್ತಿಕೊಂಡಿತು. ಶರ್ವಾಣಿ ಮತ್ತು ಅವರ ಹಿಂದೆ ಪ್ರಸನ್ನ ನಿಂತಿದ್ದರು. ಪರೀಕ್ಷೆ ನಡೆಯುತ್ತಿದೆ ಎಂದು ಕೈಲಾಸ ಅಲುಗದೆ ಕಣ್ಣಿನಲ್ಲಿಯೇ ಸನ್ನೆ ಮಾಡಿದ.

“ಏನ್ರೀ ಮಾಡ್ತಿದೀರ ಇಲ್ಲಿ?” ಎಂದರು ಶರ್ವಾಣಿ. “ಸೆಕೆಂಡ್ ಪಾರ್ಟ್ ಶುರುವಾಗ್ತಿದ್ದ ಹಾಗೆ ನೆಟ್ ಹೋಗಿದೆ. ಪರೀಕ್ಷಕರು ಕಾಲ್ ಕಟ್ ಮಾಡ್ಕೊಂಡು ಮುಕ್ಕಾಲು ಗಂಟೆ ಆಯ್ತು. ಅವ್ರ ಕಂಪನಿಯಿಂದ ನಂಗೆ ಫೋನ್ ಮೇಲೆ ಫೋನ್.”

ಕೈಲಾಸ ಪರದೆ ನೋಡಿದ. ತೆರೆದ ಬಾಯಿ, ಅರ್ಧ ಕಣ್ಣು. ನಿಂತುಹೋದ ಚಿತ್ರ.

“ಇಲ್ಲ ಮೇಡಂ” ಎಂದ. “ಮೂರನೇ ಪಾರ್ಟ್ ನಡೀತಿದೆ. ಈಗ ತಾನೆ ಕೇಳ್ತಿದ್ರು.”

ಶರ್ವಾಣಿ ಹೊರಗೆ ತಿರುಗಿ ನಿಂಗರಾಜನನ್ನು ಕರೆದು, ಇವರು ಒಳಗೆ ಒಬ್ಬರೇ ಏನು ಮಾಡುತ್ತಿದ್ದರು ಎಂದು ವಿಚಾರಿಸಿದರು.

“ಒಬ್ರೇ ಎಲ್ಲಿ ಮೇಡಂ” ಎಂದ ನಿಂಗರಾಜ. “ಇಬ್ರು ಇಂಗ್ಲಿಷಲ್ಲಿ ಮಾತಾಡ್ತಿದ್ರು. ಡಿಸ್ಟರ್ಬ್ ಆಗ್ಬಾರ್ದು ಅಂತ ನಾನೇ ಬಾಗ್ಲು ಎಳ್ದೆ.”

 ಪ್ರಸನ್ನ ಕೈಲಾಸನ ಕಿವಿಯ ಹತ್ತಿರ ಬಗ್ಗಿ, ಯಾವ ಕಿವಿಯಲ್ಲಿ ಕೇಳಿಸಿತು ಎಂದು ಪಿಸುಗುಟ್ಟಿದ. ಬಲಗಿವಿ ಎಂದ ಕೈಲಾಸ. ಪ್ರಸನ್ನ ಹೆಡ್‌ಫೋನನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ದೂರ ಇಟ್ಟ. ಅದರ ಬಲಗಡೆ ಕೆಟ್ಟು ಎಷ್ಟೋ ಕಾಲವಾಗಿತ್ತಂತೆ. ಅವನ ಪರೀಕ್ಷೆಯಲ್ಲಿ ಎಡಗಡೆ ಮಾತ್ರ ಕೇಳಿಸಿತ್ತಂತೆ.

ಶರ್ವಾಣಿಗೆ ಇಂಥ ಮಾತುಗಳಿಗೆ ಪುರುಸೊತ್ತಿರಲಿಲ್ಲ. ಕಂಪ್ಯೂಟರ್ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದೆ, ಅದನ್ನೇ ಕಂಪನಿಗೆ ಕಳಿಸುತ್ತೇನೆ, ಅವರು ಹೇಳಿದಂತಾಗಲಿ ಎಂದು ಎಲ್ಲರನ್ನೂ ಮೇಲಕ್ಕೆ ಅಟ್ಟಿದರು. ಕೈಲಾಸ ಕೌಂಟರಿಗೆ ಬಂದು ಕುಳಿತ. ಒಬ್ಬರ ಟೋಕನ್ ಇನ್ನೊಬ್ಬರಿಗೆ ಕೊಟ್ಟ. ಕಣ್ಣಿನ ಡಾಕ್ಟರ ಬಳಿ ಹೋಗಬೇಕಾದವರು ಹಲ್ಲಿನವರ ಮುಂದೆ ಬಾಯಿ ತೆರೆದು ಕುಳಿತರು. ಅದಕ್ಕೂ ಬೈಸಿಕೊಂಡ.

ಸಂಜೆ ಶರ್ವಾಣಿ ಕರೆಸಿದರು. ರಿಪೋರ್ಟು ಬಂದಿತ್ತು. ಅವರ ಮುಖದಲ್ಲಿ ಸಿಟ್ಟೂ ಇತ್ತು, ಖುಷಿಯೂ ಇತ್ತು. ಎರಡರಲ್ಲಿ ಯಾವುದು ತನ್ನ ಪಾಲಿನದೆಂದು ಕೈಲಾಸನಿಗೆ ತಿಳಿಯಲಿಲ್ಲ.

ಅವರು ಓದಿ ಹೇಳಿದರು. ಅಭ್ಯರ್ಥಿ ಕೈಲಾಸ್ ಪರೀಕ್ಷಾ ಕೋಣೆಗೆ ಇನ್ನೊಬ್ಬ ವ್ಯಕ್ತಿಯನ್ನು ಕರೆತಂದಿದ್ದಾರೆ. ಆ ವ್ಯಕ್ತಿ ಪ್ರಶ್ನೆ ಕೇಳಿ, ತಪ್ಪು ತಿದ್ದಿ ನೆರವು ನೀಡಿರುವುದು ರೆಕಾರ್ಡಿನಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ಅಭ್ಯರ್ಥಿಯ ಪರೀಕ್ಷೆ ರದ್ದಾಗಿದೆ.

“ಕಾಪಿ ಹೊಡಿಯೋರನ್ನ ನೋಡಿದೀನಿ” ಎಂದರು ಶರ್ವಾಣಿ. “ಮಾತಿನ ಪರೀಕ್ಷೇಲಿ ಪಕ್ಕ ಆಳು ಕೂರಿಸ್ಕೊಂಡಿದ್ದನ್ನ ಇದೇ ಮೊದಲು ನೋಡಿದ್ದು.”

ಕೈಲಾಸ ಬಾಯಿ ತೆರೆದ. ಅವರು ಕೈ ತೋರಿಸಿ ತಡೆದರು. ರಿಪೋರ್ಟಿನ ಕೆಳಗೆ ಇನ್ನೊಂದು ಸಾಲಿತ್ತು. ಆ ಎರಡನೆಯ ವ್ಯಕ್ತಿಯ ಇಂಗ್ಲಿಷ್ ಅತ್ಯುತ್ತಮವಾಗಿದೆ. ಉಚ್ಚಾರ, ವ್ಯಾಕರಣ, ತಾಳ್ಮೆ ಎಲ್ಲದರಲ್ಲೂ ಪೂರ್ತಿ ಅಂಕ ಕೊಡಬಹುದು. ಅವರು ನಿಮ್ಮ ಸಿಬ್ಬಂದಿಯಾಗಿದ್ದರೆ ಈ ಹುದ್ದೆಗೆ ಅವರನ್ನೇ ಶಿಫಾರಸು ಮಾಡುತ್ತೇವೆ.

“ಡೈರೆಕ್ಟರ್ ಸರ್ ಕೂಡ ಕೇಳಿಸ್ಕೊಂಡ್ರು. ಅಂಥ ದನಿ ಬೇಕು ಅಂತಿದಾರೆ. ಯಾರ್ರೀ ಅವ್ರು? ರಿಟೈರ್ಡ್ ಪ್ರೊಫೆಸರ್ರಾ?”

“ಗೊತ್ತಿಲ್ಲ ಮೇಡಂ.”

“ಅಷ್ಟು ಹೊತ್ತು ಮಾತಾಡಿದೀರ, ಹೆಸ್ರು ಗೊತ್ತಿಲ್ವಾ?”

ನಾವು ಪ್ರಶ್ನೆ ಕೇಳುವ ಹಾಗಿರಲಿಲ್ಲ ಮೇಡಂ ಎಂದು ಕೈಲಾಸ ಹೇಳಿದ. ಶರ್ವಾಣಿ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು. ಅದು ಹೊರದೇಶದ ರೋಗಿಗಳ ಡೆಸ್ಕ್ ಇರುವ ಮೇಲಿನ ಹೊಸ ಲೌಂಜಿನ ಸೆಕ್ಯುರಿಟಿಯವನದು. ಕೇಳುತ್ತ ಕೇಳುತ್ತ ಶರ್ವಾಣಿಯ ಹುಬ್ಬು ಮೇಲೇರಿತು. ಫೋನಿಟ್ಟು, ನಡೀರಿ ಎಂದು ಕೈಲಾಸನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದರು.

ಲೌಂಜಿನಲ್ಲಿ ಒಬ್ಬ ಹೆಂಗಸು ಫೈಲು ಜೋಡಿಸಿಕೊಳ್ಳುತ್ತಿದ್ದರು. ಗಂಡನ ಹೃದಯದ ಆಪರೇಷನ್ನಿಗೆಂದು ಜಾಂಬಿಯಾದಿಂದ ಬಂದವರು. ಮಧ್ಯಾಹ್ನದಿಂದ ಯಾರೂ ಸರಿಯಾಗಿ ಮಾತಾಡಿಸಲಿಲ್ಲವೆಂದು ಸೆಕ್ಯುರಿಟಿಯವನ ಮೇಲೆ ರೇಗಿದ್ದರಂತೆ. ಈಗ ಅವರ ಮುಖ ಶಾಂತವಾಗಿತ್ತು. ಡೆಸ್ಕಿನ ಹಿಂದಿನ ಹೊಸ ಕುರ್ಚಿ ಖಾಲಿಯಾಗಿತ್ತು. ಅದರ ಬೆನ್ನು ಮಾತ್ರ, ಯಾರೋ ಒರಗಿ ಕುಳಿತಂತೆ ಹಿಂದಕ್ಕೆ ಬಾಗಿತ್ತು. ಕಾರ್ಪೆಟ್ಟಿನ ಮೇಲೆ ಕುರ್ಚಿಯ ಸುತ್ತ ಮಂಜುಗಡ್ಡೆ ಕರಗಿದಂತೆ ಒದ್ದೆಯಾಗಿತ್ತು.

ತಡವಾದದ್ದಕ್ಕೆ ಕ್ಷಮಿಸಬೇಕೆಂದು ಶರ್ವಾಣಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಹೆಂಗಸು ನಕ್ಕು, ಕ್ಷಮೆ ಯಾಕೆ, ನಿಮ್ಮ ಆ ಹಿರಿಯರು ಎಲ್ಲವನ್ನೂ ಬಿಡಿಸಿ ಹೇಳಿದರು ಎಂದರು. ಅಷ್ಟು ತಾಳ್ಮೆಯಿಂದ ತಮ್ಮ ಮಾತು ಕೇಳಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಕೈ ಕುಲುಕಿದಾಗ ಮಾತ್ರ ಬಹಳ ತಣ್ಣಗಿತ್ತು, ಈ ಏಸಿಯನ್ನು ಸ್ವಲ್ಪ ಕಡಿಮೆ ಮಾಡಬಾರದೇ?

ಶರ್ವಾಣಿ ದೊಡ್ಡದೊಂದು ಉಸಿರು ಬಿಟ್ಟು ಕೈಲಾಸನ ಕಡೆ ತಿರುಗಿದರು.

“ನೋಡಿ, ನೀವು ಹೆಸ್ರು ಹೇಳ್ದೇ ಇದ್ರೂ ಅವ್ರು ತಾವೇ ಬಂದು ಜಾಯಿನ್ ಆಗಿದಾರೆ. ಇಂಥವ್ರು ಬೇಕು ನಮ್ಗೆ. ನೀವು ಕೌಂಟರಿಗೆ ಹೋಗಿ. ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಇದೆ. ಅಷ್ಟರಲ್ಲಿ ಟೋಕನ್ ಮಷೀನ್ ಬರುತ್ತೆ, ಆಮೇಲೆ ನೀವು, ಪ್ರಸನ್ನ ಇಬ್ಬರಲ್ಲಿ ಯಾರನ್ನ ಇಟ್ಕೊಳ್ಬೇಕು ಅಂತ ಪಾಸಾದೋರನ್ನ ನೋಡ್ಕೊಂಡು ಹೇಳ್ತೀನಿ.”

ಕೈಲಾಸ ಹೊರಡಲು ತಿರುಗಿದ. ಹೆಂಗಸು ಅವನ ಎದೆಯ ಮೇಲಿನ ಹೆಸರನ್ನು ಓದಿ ತಡೆದರು.

“ಕೈಲಾಸ್ ಎಂದರೆ ನೀವೇನಾ? ಆ ಹಿರಿಯರು ನಿಮಗೊಂದು ಮಾತು ಹೇಳಲು ಹೇಳಿದ್ದಾರೆ. ಒಳ್ಳೆಯ ಹುಡುಗ, ವ್ಯಾಕರಣ ಮಾತ್ರ ಸರಿಯಿಲ್ಲ ಎಂದರು. ಮೂರನೆಯ ಭಾಗ ಇನ್ನೂ ಮುಗಿದಿಲ್ಲವಂತೆ. ಡ್ಯೂಟಿ ಮುಗಿದ ಮೇಲೆ ದಿನಾ ಕೆಳಗೆ ಬರಬೇಕಂತೆ.”

ಕೈಲಾಸ ಏನೋ ಹೇಳಲು ಹೋದ. ಇಂಗ್ಲಿಷಿನಲ್ಲಿಯೂ ಬರಲಿಲ್ಲ, ಕನ್ನಡದಲ್ಲಿಯೂ ಬರಲಿಲ್ಲ. ಶರ್ವಾಣಿಗೆ ಮಾತ್ರ ಸಂತೋಷ ಹಿಡಿಸಲಾರದಷ್ಟಾಯಿತು. ಬಿಟ್ಟಿಯಾಗಿ ಪಾಠ ಹೇಳಿಕೊಡುವ ಸಿಬ್ಬಂದಿ ಯಾವ ಆಸ್ಪತ್ರೆಗೆ ಸಿಗುತ್ತಾರೆ ಎಂದು, ಇವತ್ತಿನಿಂದಲೇ ಶುರುವಾಗಲಿ, ತಪ್ಪಿಸಿದರೆ ಆಬ್ಸೆಂಟ್ ಹಾಕುತ್ತೇನೆ ಎಂದರು. ಅಲ್ಲಿಯೇ ನಿಂತು ಬೇಸ್‌ಮೆಂಟಿಗೆ ಫೋನ್ ಮಾಡಿ, ರೆಕಾರ್ಡ್ ರೂಮಿನಲ್ಲಿ ಪಾಠಕ್ಕೆ ಇನ್ನೊಂದು ಕುರ್ಚಿ ಹಾಕಬೇಕೆಂದು ನಿಂಗರಾಜನಿಗೆ ಹೇಳಿದರು. ಫೋನಿನ ಸ್ಪೀಕರ್ ಆನ್ ಆಗಿತ್ತು.

“ಬೇಡ ಮೇಡಂ” ಎಂದ ನಿಂಗರಾಜ. “ಅವ್ರು ಆಗ್ಲೇ ಹಾಕ್ಕೊಂಡು ಕೂತಿದಾರೆ.”